ಪಾಠ ಆಯಿತು, ಮುಟ್ಟಿತೇ?

ಪದವಿ ಪರೀಕ್ಷೆಗಳ ಮೌಲ್ಯಮಾಪನ ನಡೆಯುತ್ತಿದ್ದ ಕಟ್ಟಡದ ಜಗಲಿಯಲ್ಲಿ ನಡೆದ ಮಾತು ಇದು. ಒಬ್ಬರು ಕನ್ನಡದ ಹಿರಿಯ ಪ್ರಾಧ್ಯಾಪಕರು, ಮಾತಿಗೆ ಹೆಸರಾದವರು. ಇನ್ನೊಬ್ಬರು ಭೌತಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ. ಬೆಳಗಿನ ಉತ್ತರಪತ್ರಿಕೆಗಳ ಕಟ್ಟು ಮುಗಿದಿತ್ತು, ಮಧ್ಯಾಹ್ನದ ಕಟ್ಟು ಇನ್ನೂ ಕೈಗೆ ಬಂದಿರಲಿಲ್ಲ. ನಾನು ಮೂರನೆಯವನು. ಹೆಚ್ಚಾಗಿ ಕೇಳಿಸಿಕೊಂಡೆ, ಒಂದೆರಡು ಕಡೆ ಬಾಯಿ ಹಾಕಿದೆ.

ಮೇಷ್ಟ್ರು: ಬೆಳಗಿನ ಕಟ್ಟಿನಲ್ಲಿ ಪಂಪನ ಕರ್ಣನ ಮೇಲೆ ಒಂದು ಪ್ರಶ್ನೆ ಇತ್ತು, ಹತ್ತು ಅಂಕದ್ದು. ಬರೆದವರೆಲ್ಲ ಒಂದೇ ವಾಕ್ಯದಿಂದ ಶುರು ಮಾಡಿದ್ದಾರೆ. ಅಲ್ಪವಿರಾಮವೂ ಅದೇ ಜಾಗದಲ್ಲಿ. ಓದೀ ಓದೀ ನನಗೇ ಬಾಯಿಪಾಠ ಆಗಿಹೋಯಿತು.

ಮೇಡಂ: ಗೈಡೋ?

ಮೇಷ್ಟ್ರು: ಗೈಡಿನ ಕನ್ನಡ ಅಷ್ಟು ಚೆನ್ನಾಗಿರುವುದಿಲ್ಲ. ಯಾರೋ ಮೇಷ್ಟ್ರು ಬರೆಸಿದ ನೋಟ್ಸು. ಒಳ್ಳೆಯ ವಾಕ್ಯವೇ. ಆದರೆ ಮೊದಲ ವಾಕ್ಯಕ್ಕೂ ಎರಡನೆಯದಕ್ಕೂ ಏನು ನಂಟು ಅನ್ನುವುದು ಬರೆದವರಲ್ಲಿ ಒಬ್ಬರಿಗೂ ತಿಳಿದಂತಿಲ್ಲ. ನಡುವೆ ಒಂದು ಸಾಲು ಮರೆತುಹೋದವರು ಅರ್ಥ ಕೆಟ್ಟದ್ದೂ ಗೊತ್ತಾಗದೆ ಮುಂದಕ್ಕೆ ಬರೆದುಕೊಂಡು ಹೋಗಿದ್ದಾರೆ.

ಮೇಡಂ: ಬರೆಸಿದ ಮೇಷ್ಟ್ರಿಗೆ ಇದು ಗೊತ್ತಾಗುತ್ತದೆಯೇ?

ಮೇಷ್ಟ್ರು: ಹೇಗೆ ಗೊತ್ತಾಗಬೇಕು? ಪತ್ರಿಕೆಗಳು ಹೆಸರು ಮುಚ್ಚಿ, ಕೋಡಿಂಗ್ ಆಗಿ ಬರುತ್ತವೆ. ಅವರು ಯಾವ ಊರಿನವರೋ ಏನೋ.

ಮೇಡಂ: ಹೊಸದಾಗಿ ಸೇರಿದವರಿಗೆ ‘ಉತ್ತಮ ಅಧ್ಯಾಪಕನಾಗುವುದು ಹೇಗೆ’ ಅಂತ ಹೋದ ತಿಂಗಳು ನೀವು ಭಾಷಣ ಮಾಡಿದಿರಲ್ಲ ಸಾರ್, ಅದರಲ್ಲಿ ಈ ಮಾತು ಬರಲೇ ಇಲ್ಲ. ವಿಷಯದ ಮೇಲೆ ಹಿಡಿತ ಇರಬೇಕು, ಧ್ವನಿಯಲ್ಲಿ ಏರಿಳಿತ ಇರಬೇಕು, ಹುಡುಗರ ಮೇಲೆ ಪ್ರೀತಿ ಇರಬೇಕು ಅಂದಿರಿ. ಎಲ್ಲ ಸರಿ. ಆದರೆ ಪಾಠ ಮಾಡಿದ ಮೇಲೆ ಅದು ಏನಾಯಿತು ಅಂತ ಕಾಣದೇ ಇದ್ದರೆ, ಇದೆಲ್ಲ ಇದ್ದವರೂ ಇದ್ದಲ್ಲೇ ಇರುತ್ತಾರೆ. ನಮ್ಮಲ್ಲಿ ಪಾಠ ಮಾಡುವವರು ಒಬ್ಬರು, ಪ್ರಶ್ನೆಪತ್ರಿಕೆ ತೆಗೆಯುವವರು ಇನ್ನೊಬ್ಬರು, ತಿದ್ದುವವರು ಮತ್ತೊಬ್ಬರು. 1857ರಲ್ಲಿ ಕಲ್ಕತ್ತೆ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯ ತೆರೆದಾಗ ಲಂಡನ್ನಿನ ಮಾದರಿ ಹಿಡಿದರು. ಪಾಠ ಕಾಲೇಜಿನದು, ಪರೀಕ್ಷೆ ವಿಶ್ವವಿದ್ಯಾಲಯದ್ದು. ನಮ್ಮ ಪದವಿ ಕಾಲೇಜುಗಳು ಇವತ್ತಿಗೂ ಅದೇ ಗೆರೆಯ ಮೇಲೆ ನಡೆಯುತ್ತಿವೆ. ಛತ್ರದ ಅಡುಗೆಯವರ ಹಾಗೆ ಒಳಗೇ ಬೇಯಿಸಿ ಹೊರಗೆ ಕಳಿಸುತ್ತೇವೆ. ಎಲೆಯಲ್ಲಿ ಏನು ಉಳಿಯಿತು ಅಂತ ನೋಡಿದವರಿಲ್ಲ.

ಮೇಷ್ಟ್ರು: ಕೋಡಿಂಗ್ ತೆಗೆದರೆ ಪಕ್ಷಪಾತ ಶುರುವಾಗುತ್ತದೆ. ಅದಲ್ಲದೆ ಫಲಿತಾಂಶ ಬರುತ್ತದಲ್ಲ?

ಮೇಡಂ: ಕೋಡಿಂಗ್ ಇರಲಿ. ಫಲಿತಾಂಶ ಅಂದರೆ ಶೇಕಡಾ ಇಷ್ಟು ಪಾಸು ಅನ್ನುವ ಒಂದು ಅಂಕಿ. ಅದನ್ನು ನೋಡಿ ಪ್ರಿನ್ಸಿಪಾಲರು ಬೈಯಬಹುದು, ಇಲ್ಲವೇ ಹೊಗಳಬಹುದು. ಯಾವ ಪಾಠ ಎಲ್ಲಿ ಸೋರಿಹೋಯಿತು ಅನ್ನುವುದು ಅದರಿಂದ ತಿಳಿಯುವುದಿಲ್ಲ.

ಮೇಷ್ಟ್ರು: ನನಗೆ ಅಂಕಿ ಬೇಕಾಗಿಲ್ಲ. ಇಷ್ಟು ವರ್ಷ ತರಗತಿಯಲ್ಲಿ ನಿಂತವನಿಗೆ ಹುಡುಗರ ಕಣ್ಣು ನೋಡಿದರೇ ತಿಳಿಯುತ್ತದೆ.

ಮೇಡಂ: ಆ ಕಣ್ಣನ್ನು ನಂಬಬೇಡಿ. ಅಮೆರಿಕದಲ್ಲಿ ಕೆ. ಪೆಟ್ರಿಷಿಯಾ ಕ್ರಾಸ್ ಅನ್ನುವ ಶಿಕ್ಷಣ ತಜ್ಞೆ 1977ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಧ್ಯಾಪಕರ ಒಂದು ಸಮೀಕ್ಷೆಯ ವಿವರ ಪ್ರಕಟಿಸಿದರು. ನೂರಕ್ಕೆ 94 ಮಂದಿ ತಮ್ಮ ಪಾಠ ಸರಾಸರಿಗಿಂತ ಮೇಲು ಅಂತ ಹೇಳಿಕೊಂಡಿದ್ದರು.

ಮೇಷ್ಟ್ರು: ಉಳಿದ ಆರು ಮಂದಿಯೇ ನಿಜವಾಗಿ ಒಳ್ಳೆಯ ಮೇಷ್ಟ್ರುಗಳಿರಬೇಕು! ಆದರೂ ಕೇಳಿ. 1921ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ, ಹೂವಿನಿಂದ ಸಿಂಗರಿಸಿದ ಸಾರೋಟನ್ನು ಹುಡುಗರೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದರು. ಮೂರೇ ವರ್ಷ ಪಾಠ ಮಾಡಿದ್ದು ಅವರು ಅಲ್ಲಿ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದು?

ಮೇಡಂ: ಪ್ರೀತಿಯ ಸರ್ಟಿಫಿಕೇಟು, ಒಪ್ಪಿದೆ. ಅವರು ದೊಡ್ಡ ಮೇಷ್ಟ್ರೇ. ಆದರೆ ಎಳೆದ ಹುಡುಗರಲ್ಲಿ ಎಷ್ಟು ಜನಕ್ಕೆ ಶಂಕರರ ಮಾಯಾವಾದ ತಿಳಿದಿತ್ತು ಅಂತ ಸಾರೋಟು ಹೇಳುವುದಿಲ್ಲ.

ಮೇಷ್ಟ್ರು: ಭೌತಶಾಸ್ತ್ರದವರ ನಾಲಿಗೆ!

ಮೇಡಂ: ಭೌತಶಾಸ್ತ್ರದವರ ಕಥೆಯನ್ನೇ ಹೇಳುತ್ತೇನೆ ಕೇಳಿ. ಎರಿಕ್ ಮಜೂರ್ ಅಂತ ಹಾರ್ವರ್ಡಿನ ಪ್ರಾಧ್ಯಾಪಕರು. 1984ರಲ್ಲಿ ಅಲ್ಲಿ ಪಾಠ ಮಾಡತೊಡಗಿದರು. ಹುಡುಗರು ಅವರನ್ನು ಮೆಚ್ಚಿಕೊಂಡಿದ್ದರು, ಪರೀಕ್ಷೆಯಲ್ಲಿ ಕಷ್ಟದ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. 1990ರ ಹೊತ್ತಿಗೆ ಅರಿಜೋನಾದ ಹಲೂನ್ ಮತ್ತು ಹೆಸ್ಟನೆಸ್ ಬರೆದ ಲೇಖನ ಅವರ ಕಣ್ಣಿಗೆ ಬಿತ್ತು. ಇಡೀ ಸೆಮಿಸ್ಟರ್ ಪಾಠ ಕೇಳಿದ ಮೇಲೂ ಬಲ, ಚಲನೆಗಳ ಬಗ್ಗೆ ಹುಡುಗರು ಮೊದಲಿನ ತಪ್ಪು ಕಲ್ಪನೆಗಳನ್ನೇ ಇಟ್ಟುಕೊಂಡಿರುತ್ತಾರೆ ಅನ್ನುವುದು ಅದರ ಸಾರ. ನನ್ನ ಹುಡುಗರು ಹಾಗಿರಲಾರರು ಅಂದುಕೊಂಡು ಮಜೂರ್ ಅದೇ ಥರದ ಪ್ರಶ್ನೆಗಳನ್ನು ತಮ್ಮ ತರಗತಿಗೆ ಕೊಟ್ಟರು. ಲೆಕ್ಕವೇ ಇಲ್ಲದ ಪ್ರಶ್ನೆಗಳು. ಭಾರದ ಲಾರಿಯೂ ಹಗುರ ಕಾರೂ ಢಿಕ್ಕಿ ಹೊಡೆದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ, ಇಂಥವು. ಆಗ ಒಬ್ಬ ವಿದ್ಯಾರ್ಥಿ ಕೇಳಿದ್ದು ಏನು ಗೊತ್ತೇ? ನೀವು ಹೇಳಿಕೊಟ್ಟ ಹಾಗೆ ಉತ್ತರಿಸಬೇಕೋ, ನಾನು ಯೋಚಿಸುವ ಹಾಗೆ ಉತ್ತರಿಸಬೇಕೋ ಅಂತ.

ಮೇಷ್ಟ್ರು: ಲಾರಿಯದೇ ಅಲ್ಲವೇ ಹೆಚ್ಚು?

ಮೇಡಂ: ಎರಡೂ ಸಮ. ನ್ಯೂಟನ್ನನ ಮೂರನೇ ನಿಯಮ. ಕಾರಿನ ದ್ರವ್ಯರಾಶಿ ಕಡಿಮೆ, ಆದ್ದರಿಂದ ಅಷ್ಟೇ ಬಲಕ್ಕೆ ಅದರ ವೇಗ ತಟ್ಟನೆ ಹೆಚ್ಚು ಬದಲಾಗುತ್ತದೆ, ಒಳಗೆ ಕೂತವರಿಗೆ ಪೆಟ್ಟು ಜಾಸ್ತಿ. ನೀವೂ ಹೈಸ್ಕೂಲಿನಲ್ಲಿ ಆ ನಿಯಮ ಒಪ್ಪಿಸಿರುತ್ತೀರಿ.

ಮೇಷ್ಟ್ರು: ಒಪ್ಪಿಸಿದ್ದೆ. ಈಗಲೂ ಒಪ್ಪಿಸಬಲ್ಲೆ. ಆದರೆ ನೀವು ಹೇಳಿದ ಮೇಲೂ ನನ್ನ ಮನಸ್ಸು ಲಾರಿಯ ಕಡೆಗೇ ಇದೆ.

ಮೇಡಂ: ನಿಯಮವೂ ಗೊತ್ತು, ಲಾರಿಯೂ ಗೊತ್ತು. ಎರಡೂ ಎದುರುಬದುರಾಗಿ ನಿಂತದ್ದೇ ಇಲ್ಲ. ಮಜೂರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದೇ ಪತ್ರಿಕೆಯಲ್ಲಿ ವಿದ್ಯುನ್ಮಂಡಲದ ಮೇಲೆ ಎರಡು ಪ್ರಶ್ನೆ ಇಟ್ಟರು. ಒಂದು, ಬ್ಯಾಟರಿ, ರೋಧಗಳ ಬೆಲೆ ಕೊಟ್ಟು ಪ್ರವಾಹ ಎಷ್ಟು ಅಂತ ಲೆಕ್ಕ. ಇನ್ನೊಂದು, ಸ್ವಿಚ್ಚು ಹಾಕಿದರೆ ಯಾವ ಬಲ್ಬು ಹೆಚ್ಚು ಬೆಳಗುತ್ತದೆ, ಯಾವುದು ಆರುತ್ತದೆ ಅಂತ. ನಮ್ಮ ಕಣ್ಣಿಗೆ ಎರಡನೆಯದು ತೀರಾ ಸುಲಭ. ಹುಡುಗರು ಲೆಕ್ಕದಲ್ಲಿ ಪಾಸು, ಬಲ್ಬಿನಲ್ಲಿ ಡುಮ್ಕಿ.

ನಾನು: ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಬಲ್ಬಿನ ಪ್ರಶ್ನೆ ಬರುವುದೇ ಇಲ್ಲ.

ಮೇಡಂ: ಬಂದರೆ ಫಲಿತಾಂಶ ಬೀಳುತ್ತದೆ, ಅದಕ್ಕೇ ಬರುವುದಿಲ್ಲ.

ಮೇಷ್ಟ್ರು: ಆಮೇಲೆ ಆ ಮಹಾಶಯರು ಏನು ಮಾಡಿದರು?

ಮೇಡಂ: ಮಾತು ಕಡಿಮೆ ಮಾಡಿದರು. ಓದಿಕೊಂಡು ಬರುವ ಕೆಲಸವನ್ನು ತರಗತಿಗೆ ಮುಂಚೆಯೇ ಇಟ್ಟರು. ತರಗತಿಯಲ್ಲಿ ಸ್ವಲ್ಪ ಹೊತ್ತು ವಿವರಿಸಿ, ಲಾರಿಯಂಥ ಒಂದು ಪ್ರಶ್ನೆ ಹಾಕುವುದು. ಒಂದೆರಡು ನಿಮಿಷ ಸುಮ್ಮನೆ ಯೋಚಿಸಿ ಪ್ರತಿಯೊಬ್ಬರೂ ಒಂದು ಉತ್ತರಕ್ಕೆ ಕಟ್ಟುಬೀಳಬೇಕು. ಆಮೇಲೆ, ಬೇರೆ ಉತ್ತರ ಕೊಟ್ಟ ಪಕ್ಕದವರ ಜೊತೆ ವಾದ. ಮತ್ತೆ ಉತ್ತರ. ಕೊನೆಗೆ ಮೇಷ್ಟ್ರ ವಿವರಣೆ. ನಾನೂ ಹೀಗೇ ಮಾಡುತ್ತೇನೆ. ಯಂತ್ರ ಏನೂ ಬೇಡ, ಆರಿಸಿದ ಉತ್ತರದ ಸಂಖ್ಯೆಯಷ್ಟು ಬೆರಳನ್ನು ಎದೆಯ ಮುಂದೆ ತೋರಿಸಿದರೆ ಸಾಕು, ಹಿಂದಿನವರಿಗೆ ಕಾಣುವುದಿಲ್ಲ. ಎಲ್ಲರೂ ಸರಿ ಹೇಳಿದರೆ ಮುಂದಕ್ಕೆ ಹೋಗುತ್ತೇನೆ. ಯಾರಿಗೂ ಬರದಿದ್ದರೆ ಚರ್ಚೆ ದಂಡ, ನಾನೇ ಮತ್ತೆ ವಿವರಿಸುತ್ತೇನೆ. ಅರ್ಧಕ್ಕರ್ಧ ಹಂಚಿಹೋದಾಗಲೇ ಆ ಚರ್ಚೆಗೆ ಬೆಲೆ.

ಮೇಷ್ಟ್ರು: ತಿಳಿಯದವನಿಗೆ ತಿಳಿಯದವನು ಏನು ಹೇಳಿಕೊಡುತ್ತಾನೆ?

ಮೇಡಂ: ಈಗಷ್ಟೇ ತಿಳಿದುಕೊಂಡವನಿಗೆ ತಾನು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೆ ಅನ್ನುವುದು ನೆನಪಿರುತ್ತದೆ. ನನಗೆ ಅದು ಎಂದೋ ಮರೆತುಹೋಗಿದೆ. ಇನ್ನೊಂದು ಲಾಭ ಹಾರ್ವರ್ಡಿನವರಿಗೆ ಗೊತ್ತಿಲ್ಲದ್ದು. ನಮ್ಮ ಬಿ.ಎಸ್ಸಿ. ಪಾಠ ಇಂಗ್ಲಿಷಿನಲ್ಲಿ. ಅರ್ಧ ತರಗತಿ ಕನ್ನಡ ಮಾಧ್ಯಮದಿಂದ ಬಂದದ್ದು. ನಾನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾರೆ. ಪಕ್ಕದವರ ಜೊತೆ ಮಾತಾಡಿ ಅಂದ ಕೂಡಲೇ ಇಡೀ ಕೋಣೆ ಕನ್ನಡಕ್ಕೆ ತಿರುಗುತ್ತದೆ. ‘ಲೇ, ಲಾರಿ ತೂಕ ಜಾಸ್ತಿ ಇದ್ರೆ ಬಲ ಯಾಕೋ ಜಾಸ್ತಿ ಆಗ್ಬೇಕು?’ ಅಂತ ಹಿಂದಿನ ಬೆಂಚಿನಿಂದ ಕೇಳುತ್ತದೆ. ವರ್ಷವೆಲ್ಲ ಬಾಯಿ ಬಿಡದ ಹುಡುಗಿ ಅಲ್ಲಿ ಜಗಳ ಮಾಡುತ್ತಿರುತ್ತಾಳೆ. ಮಾತು ಕನ್ನಡದಲ್ಲಿ ಮುಗಿಸಿ, ಆಮೇಲೆ ಎರಡು ಸಾಲು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಬರೆಯುವುದೂ ಮೊದಲಿಗಿಂತ ವಾಸಿ.

ಮೇಷ್ಟ್ರು: ಇದೊಂದು ನನಗೆ ಹಿಡಿಸಿತು. ಕುವೆಂಪು 1956ರಿಂದ 60ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪದವಿಗೆ ಕನ್ನಡ ಮಾಧ್ಯಮ ತರಲು ಹೋರಾಡಿದರು. ಅದಕ್ಕೂ ಮುಂಚೆ ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನದ ಮೇಲೆಲ್ಲ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಕನ್ನಡದಲ್ಲಿ ಹೇಳಲು ಕೂತರೆ ಮೇಷ್ಟ್ರಿಗೇ ವಿಷಯ ತಿಳಿದಿದೆಯೋ ಇಲ್ಲವೋ ಅನ್ನುವುದು ಬಯಲಾಗುತ್ತದೆ. ಸರಿ, ನಿಮ್ಮ ಲಾರಿಗೆ ಒಂದು ಸರಿ ಉತ್ತರ ಇದೆ. ಕಾವ್ಯಕ್ಕೆ ಬೆರಳು ತೋರಿಸುವುದು ಹೇಗೆ?

ಮೇಡಂ: ಅದನ್ನು ನೀವು ಹೇಳಬೇಕು. ಹಳಗನ್ನಡ ಪಾಠದಲ್ಲಿ ಈಗ ಏನೋ ಬೇರೆ ಮಾಡುತ್ತಿದ್ದೀರಂತೆ, ನಮ್ಮ ವಿಭಾಗದವರೆಗೂ ಗಲಾಟೆ ಕೇಳುತ್ತದೆ.

ಮೇಷ್ಟ್ರು: ಅದೋ. ನಮ್ಮಲ್ಲಿ ರೂಢಿ ಹೇಗೆ ಅಂದರೆ ಪದ್ಯ ಓದುವುದು, ಪದಚ್ಛೇದ, ಅನ್ವಯ, ತಾತ್ಪರ್ಯ ಎಲ್ಲ ಮೇಷ್ಟ್ರದೇ. ಹುಡುಗರು ತಾತ್ಪರ್ಯ ಬರೆದುಕೊಳ್ಳುತ್ತಾರೆ. ಪದ್ಯ ಪುಸ್ತಕದಲ್ಲೇ ಉಳಿಯುತ್ತದೆ. ಈಗ ನಾನು ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ ಕೂತುಬಿಡುತ್ತೇನೆ. ಇಬ್ಬಿಬ್ಬರು ಸೇರಿ ಬಿಡಿಸಿ, ಯಾರು ಯಾರಿಗೆ ಏನು ಮಾಡಿದರು ಹೇಳಿ ಅನ್ನುತ್ತೇನೆ. ಅವರು ಎಡವುವುದು ಕಷ್ಟದ ಪದಗಳಲ್ಲಿ ಅಂತ ತಿಳಿದು ಮುಂಚೆಯೆಲ್ಲ ಪದಾರ್ಥಕ್ಕೇ ಅರ್ಧ ಗಂಟೆ ಕೊಡುತ್ತಿದ್ದೆವು. ಪದಗಳಿಗೆ ನಿಘಂಟು ಇದೆ, ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಎಡವುವುದು ವಿಭಕ್ತಿಯಲ್ಲಿ!

ನಾನು: ವಿಭಕ್ತಿಯಲ್ಲೇ?

ಮೇಷ್ಟ್ರು: ಹಳಗನ್ನಡದಲ್ಲಿ ‘ಕರ್ಣಂ’ ಅಂದರೆ ಪ್ರಥಮಾ ವಿಭಕ್ತಿ, ಕರ್ಣನು ಅಂತ. ‘ಕರ್ಣನಂ’ ಅಂದರೆ ದ್ವಿತೀಯಾ, ಕರ್ಣನನ್ನು. ಶಾಲೆಯಲ್ಲಿ ಸಂಸ್ಕೃತ ತೆಗೆದುಕೊಂಡು ಬಂದ ಹುಡುಗರಿಗೆ ‘ರಾಮಂ’ ಅಂದ ಕೂಡಲೇ ‘ರಾಮನನ್ನು’ ಅಂತ ಹೊಳೆಯುತ್ತದೆ, ಸಂಸ್ಕೃತದಲ್ಲಿ ಅದು ದ್ವಿತೀಯೆ. ಸಂಸ್ಕೃತ ಗೊತ್ತಿಲ್ಲದವರಿಗೂ ಹೊಸಗನ್ನಡದ ‘ಅನ್ನು’ ಕಿವಿಯಲ್ಲಿ ಇರುತ್ತದೆ. ಒಂದು ಸೊನ್ನೆ ಕಂಡರೆ ಸಾಕು, ಹೊಡೆದವನು ಹೊಡೆಸಿಕೊಂಡವನಾಗುತ್ತಾನೆ. ಇಡೀ ಯುದ್ಧ ಉಲ್ಟಾ. ಆದರೂ ಪರೀಕ್ಷೆಯಲ್ಲಿ ತಾತ್ಪರ್ಯ ಸರಿಯಾಗಿ ಬರೆದಿರುತ್ತಾರೆ, ಅದು ನೋಟ್ಸಿನದಲ್ಲವೇ! ಪದ್ಯಕ್ಕೂ ತಾತ್ಪರ್ಯಕ್ಕೂ ಅವರ ತಲೆಯಲ್ಲಿ ಸಂಬಂಧವೇ ಇಲ್ಲ ಅಂತ ನನಗೆ ತಿಳಿದದ್ದು ಅವರು ಬಿಡಿಸುವುದನ್ನು ಪಕ್ಕದಲ್ಲಿ ನಿಂತು ಕೇಳಿದಾಗ.

ಮೇಡಂ: ಇದೇ ನಿಮ್ಮ ಲಾರಿ ಸಾರ್. ಇದಕ್ಕೆ ಸರಿ ಉತ್ತರವೂ ಇದೆ.

ಮೇಷ್ಟ್ರು: ಇದಕ್ಕೆ ಇದೆ. ಮುಂದಿನದಕ್ಕೆ ಇಲ್ಲ. ಪಂಪ 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯ ಬರೆದ. ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಸೇರಿಸಿದ. ಕಾವ್ಯದ ನಾಯಕ ಅರ್ಜುನ, ಅನ್ನ ಕೊಟ್ಟವನು ಅರಿಕೇಸರಿ. ಹಾಗಿದ್ದರೂ ಕರ್ಣ ಬಂದ ಕಡೆಯೆಲ್ಲ ಕವಿಯ ಮಾತು ತುಂಬಿಕೊಳ್ಳುತ್ತದೆ. ನಾನು ಒಂದು ಮಾತೂ ಹೇಳುವ ಮುಂಚೆ ಕೇಳುತ್ತೇನೆ: ಕವಿ ದೊರೆಗೆ ಎರಡು ಬಗೆದನೇ, ಅಥವಾ ಎದುರಾಳಿಯನ್ನು ದೊಡ್ಡವನಾಗಿ ಮಾಡಿ ದೊರೆಯನ್ನೇ ಇನ್ನೂ ದೊಡ್ಡವನಾಗಿ ಮಾಡಿದನೇ? ಎರಡು ಸಾಲು ಬರೆಯಿರಿ, ಒಂದು ಪದ್ಯ ತೋರಿಸಿ. ಪದ್ಯ ತೋರಿಸದ ಅಭಿಪ್ರಾಯಕ್ಕೆ ಬೆಲೆ ಇಲ್ಲ. ಪಕ್ಕದವನು ಬೇರೆ ಪದ್ಯ ತೋರಿಸುತ್ತಾನೆ. ಅಲ್ಲಿಂದ ಗಲಾಟೆ.

ಮೇಡಂ: ಆಮೇಲೆ ನಿಮ್ಮ ಉಪನ್ಯಾಸ?

ಮೇಷ್ಟ್ರು: ಆಮೇಲೆ ನನ್ನ ಉಪನ್ಯಾಸ, ಬಿಡುವುದಿಲ್ಲ! ಅದನ್ನು ಬಿಡಿ ಅಂತ ನಿಮ್ಮ ಅಮೆರಿಕದವರು ಹೇಳಿದರೆ ನಾನು ಒಪ್ಪುವವನಲ್ಲ. ಒಳ್ಳೆಯ ಉಪನ್ಯಾಸ ಕೇಳಿ ಲೈಬ್ರರಿಗೆ ಓಡಿದವನು ನಾನು. ಆ ಓಟವನ್ನು ಯಾವ ಪರೀಕ್ಷೆ ಅಳೆಯುತ್ತದೆ?

ಮೇಡಂ: ಅಳೆಯುವುದಿಲ್ಲ, ನಿಜ. ಓದುವ ಆಸೆ ಹುಟ್ಟಿಸುವುದು ಉಪನ್ಯಾಸದ ಕೆಲಸ. ವಿಭಕ್ತಿ ಹಿಡಿಯುವುದನ್ನು ಅದು ಕಲಿಸಲಾರದು, ಅದು ಹುಡುಗರೇ ಕೈಹಚ್ಚಿ ಮಾಡಿದರೇ ಬರುವುದು. ಕಷ್ಟ ಬರುವುದು ಒಂದನ್ನು ಇನ್ನೊಂದು ಅಂತ ತಿಳಿದಾಗ. 2019ರಲ್ಲಿ ಹಾರ್ವರ್ಡಿನದೇ ಒಂದು ಪ್ರಯೋಗ ಪ್ರಕಟವಾಯಿತು. ಅದೇ ವಿಷಯ, ಒಂದು ಗುಂಪಿಗೆ ನುರಿತವರಿಂದ ನಿರರ್ಗಳ ಉಪನ್ಯಾಸ, ಇನ್ನೊಂದು ಗುಂಪಿಗೆ ತಾವೇ ಬಿಡಿಸಿ ಚರ್ಚಿಸುವ ತರಗತಿ. ಪರೀಕ್ಷೆಯಲ್ಲಿ ಎರಡನೇ ಗುಂಪು ಮುಂದೆ. ಆದರೆ ಎಷ್ಟು ಕಲಿತಿರಿ ಅಂತ ಕೇಳಿದಾಗ ಹೆಚ್ಚು ಕಲಿತೆವು ಅಂದವರು ಉಪನ್ಯಾಸ ಕೇಳಿದವರು.

ನಾನು: ತಲೆಗೆ ಕೆಲಸ ಬಿದ್ದರೆ ಏನೂ ತಿಳಿಯುತ್ತಿಲ್ಲ ಅನ್ನಿಸುತ್ತದೆ. ಕೇಳುತ್ತ ಕೂತರೆ ಎಲ್ಲ ತಿಳಿದ ಹಾಗೆ.

ಮೇಡಂ: ಹಾಗೇ. ಆದ್ದರಿಂದ ಹುಡುಗರ ಮೆಚ್ಚುಗೆಯೊಂದನ್ನೇ ನಂಬಿದರೆ ನಾವು ಕೆಟ್ಟ ಕಡೆಗೆ ಸುಧಾರಿಸುತ್ತೇವೆ. ಇನ್ನು ನಮ್ಮಲ್ಲಿ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುಂಚಿನ ವಾರ ತುಂಬಿಸುವ ಫೀಡ್‌ಬ್ಯಾಕ್ ಫಾರಂ ಬಗ್ಗೆ ಹೇಳುವುದೇ ಬೇಡ.

ಮೇಷ್ಟ್ರು: ನಮ್ಮ ಕಾಲೇಜಿನಲ್ಲಿ ಒಂದೇ ಪೆನ್ನಿನಲ್ಲಿ ತುಂಬಿದ್ದಾರೆ! ಇರಲಿ. ನನ್ನ ತಕರಾರು ಬೇರೆ. ಈ ಪ್ರಯೋಗಗಳೆಲ್ಲ ನಾಲ್ಕು ದಿನದ್ದು. ಹೊಸತು ಅಂತ ಹುಡುಗರಿಗೆ ಹುಮ್ಮಸ್ಸು ಇರುತ್ತದೆ, ಅಂಕ ಏರುತ್ತದೆ.

ಮೇಡಂ: ಆ ತಕರಾರು ಭೌತಶಾಸ್ತ್ರದವರೇ ಎತ್ತಿದ್ದಾರೆ. 2001ರಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ ಆಮೇಲೆ ಪಾಠ ಮಾಡುವ ವಿಧಾನದ ಸಂಶೋಧನೆಗೇ ಇಳಿದರು. ಅವರ ತಂಡ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ವಾರ, ಮೂರು ಗಂಟೆಯ ಪಾಠವನ್ನು ಎರಡು ದೊಡ್ಡ ತರಗತಿಗಳಲ್ಲಿ ಎರಡು ರೀತಿ ಮಾಡಿಸಿತು. ಒಂದು ಕಡೆ ಹೆಸರಾಂತ ಅನುಭವಿ ಪ್ರಾಧ್ಯಾಪಕರ ಉಪನ್ಯಾಸ. ಇನ್ನೊಂದು ಕಡೆ ಪಾಠದ ಅನುಭವ ಅಷ್ಟಿಲ್ಲದ, ಆದರೆ ಈ ವಿಧಾನದಲ್ಲಿ ತರಬೇತಾದ ಕಿರಿಯ ಸಂಶೋಧಕರು. ಪರೀಕ್ಷೆಯಲ್ಲಿ ಮೊದಲ ತರಗತಿಯ ಸರಾಸರಿ ಶೇ. 41, ಎರಡನೆಯದರದು ಶೇ. 74. 2011ರಲ್ಲಿ ಅದು ಪ್ರಕಟವಾದಾಗ ಮೂರು ಗಂಟೆಯಿಂದ ಏನ್ರೀ ಗೊತ್ತಾಗುತ್ತದೆ ಅಂತ ಕೇಳಿದವರಿದ್ದರು. ನಾನೂ ಆ ಒಂದರ ಮೇಲೆ ಭಾರ ಹಾಕುವುದಿಲ್ಲ. ಆದರೆ 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ ಮೇಲಿನ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸದ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ಫೇಲು, ಹುಡುಗರು ಕೈಹಚ್ಚಿ ಕಲಿಯುವ ತರಗತಿಗಳಲ್ಲಿ ಸುಮಾರು 22. ಹನ್ನೆರಡು ಹುಡುಗರ ಪ್ರಶ್ನೆ ಇದು. ನಮ್ಮಲ್ಲಿ ಆ ಹನ್ನೆರಡು ಮಂದಿ ಯಾವ ಮನೆಗಳವರು ಅಂತ ನಿಮಗೆ ಗೊತ್ತು.

ಮೇಷ್ಟ್ರು: ಗೊತ್ತು. (ಸ್ವಲ್ಪ ತಡೆದು) ಆದರೆ ಪೋರ್ಷನ್? ಹೀಗೆ ಮಾಡುತ್ತ ಕೂತರೆ ಪೋರ್ಷನ್ ಮುಗಿಯುವುದಿಲ್ಲ. ಸೆಮಿಸ್ಟರ್ ಅಂದರೆ ಹೆಸರಿಗೆ ಹದಿನಾರು ವಾರ, ಕೈಗೆ ಸಿಗುವುದು ಎಷ್ಟು ಅಂತ ನಿಮಗೂ ಗೊತ್ತು. ನಡುವೆ ಇಂಟರ್ನಲ್ಸು, ಯುವಜನೋತ್ಸವ, ಜಯಂತಿ.

ಮೇಡಂ: ಪೋರ್ಷನ್ ಯಾರದು ಮುಗಿಯಬೇಕು? ನೀವು ಹೇಳಿ ಮುಗಿಸಿದ್ದು ನಿಮ್ಮ ಡೈರಿಯಲ್ಲಿ ಇರುತ್ತದೆ. ನಾನು ಆ ಲೆಕ್ಕ ಬಿಟ್ಟಿದ್ದೇನೆ. ಪುಸ್ತಕದಲ್ಲಿ ನೇರವಾಗಿ ಓದಿಕೊಳ್ಳಬಹುದಾದ್ದನ್ನು ಓದಿಕೊಳ್ಳಲು ಹಚ್ಚಿ, ಸಿಕ್ಕಿಹಾಕಿಕೊಳ್ಳುವ ಜಾಗಗಳಿಗೆ ತರಗತಿಯ ಸಮಯ ಇಡುತ್ತೇನೆ. ಸಿಕ್ಕಿಹಾಕಿಕೊಳ್ಳುವ ಜಾಗ ಯಾವುದು ಅಂತ ತಿಳಿಯಲು ಒಂದು ಚೀಟಿ. ಗಂಟೆ ಹೊಡೆಯುವ ಎರಡು ನಿಮಿಷ ಮುಂಚೆ ಎಲ್ಲರೂ ಹೆಸರಿಲ್ಲದೆ ಎರಡು ಸಾಲು ಬರೆಯಬೇಕು: ಇವತ್ತಿನ ಮುಖ್ಯ ವಿಷಯ ಯಾವುದು, ತಿಳಿಯದೇ ಉಳಿದದ್ದು ಯಾವುದು. ಬರ್ಕ್ಲಿಯ ಭೌತಶಾಸ್ತ್ರದ ಮೇಷ್ಟ್ರು ಚಾರ್ಲ್ಸ್ ಷ್ವಾರ್ಟ್ಸ್ ಶುರು ಮಾಡಿದ್ದು. ಕನ್ನಡದಲ್ಲೇ ಬರೆಯಿರಿ ಅನ್ನುತ್ತೇನೆ. ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಓದಿ ಮುಗಿಯುತ್ತದೆ, ಮರುದಿನ ಅಲ್ಲಿಂದಲೇ ಶುರು.

ಮೇಷ್ಟ್ರು: ಬೈದೂ ಬರೆದಿರುತ್ತಾರಲ್ಲ?

ಮೇಡಂ: ‘ಮೇಡಂ ಬೋರ್ಡಿಗೆ ಅಡ್ಡ ನಿಲ್ಲುತ್ತಾರೆ’ ಅಂತ ಬರೆದಿದ್ದರು. ಪಕ್ಕಕ್ಕೆ ನಿಂತೆ. ಇನ್ನೊಂದು, ದುಡ್ಡೂ ಖರ್ಚಿಲ್ಲದ್ದು, ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು. ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ಶಾಲಾ ತರಗತಿಗಳ ಧ್ವನಿಮುದ್ರಣ ಇಟ್ಟುಕೊಂಡು ಅಳೆದರು. ಮೇಷ್ಟ್ರುಗಳು ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡು ಕಾಯುತ್ತಾರೆ, ಆಮೇಲೆ ತಾವೇ ಉತ್ತರ ಹೇಳುತ್ತಾರೆ, ಇಲ್ಲವೇ ಇನ್ನೊಬ್ಬರನ್ನು ಕೇಳುತ್ತಾರೆ. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಕೈ ಎತ್ತುವವರೂ ಹೆಚ್ಚುತ್ತಾರೆ. ಮೂರು ಸೆಕೆಂಡು ತರಗತಿಯ ಮುಂದೆ ಬಾಯಿ ಮುಚ್ಚಿ ನಿಂತು ನೋಡಿ, ಎಷ್ಟು ಉದ್ದ ಅನ್ನಿಸುತ್ತದೆ ಅಂತ.

ಮೇಷ್ಟ್ರು: ನನ್ನ ಕೈಲಿ ಆಗುವುದಿಲ್ಲ. (ನಗು) ಇದನ್ನೆಲ್ಲ ನಮಗೆ ಯಾರು ಹೇಳಿಕೊಟ್ಟರು ಹೇಳಿ? ಒಂದನೇ ತರಗತಿಗೆ ಪಾಠ ಮಾಡಬೇಕಾದರೆ ಡಿ.ಎಡ್. ಬೇಕು, ಹೈಸ್ಕೂಲಿಗೆ ಬಿ.ಎಡ್. ಬೇಕು. ಎಂ.ಎ. ಹುಡುಗರ ಮುಂದೆ ನಿಲ್ಲುವವನಿಗೆ ಏನೂ ಬೇಡ, ನೆಟ್ ಪರೀಕ್ಷೆ ಇಲ್ಲವೇ ಪಿಎಚ್.ಡಿ. ಸಾಕು.

ನಾನು: ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯದ ಮೇಲೂ ಪ್ರಶ್ನೆ ಇರುತ್ತವೆ, ನಾಲ್ಕು ಉತ್ತರದಲ್ಲಿ ಒಂದು ಆರಿಸುವಂಥವು.

ಮೇಷ್ಟ್ರು: ಈಜು ಬರುತ್ತದೆಯೇ, ಸರಿ ಉತ್ತರಕ್ಕೆ ಗುರುತು ಹಾಕಿ! 1987ರಿಂದ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜು ತೆರೆಯಿತು. ಓರಿಯೆಂಟೇಷನ್ನು, ರಿಫ್ರೆಷರು. ಹೆಸರು ಎರಡು ಸಲ ಬದಲಾಗಿದೆ, ಈಗ ಮಾಳವೀಯ ಮಿಷನ್. ಅಲ್ಲೂ ದಿನವೆಲ್ಲ ಉಪನ್ಯಾಸ. ಉಪನ್ಯಾಸ ಮಾಡಬೇಡಿ ಅಂತಲೂ ಉಪನ್ಯಾಸವೇ. ಸರ್ಟಿಫಿಕೇಟು ಬಡ್ತಿಗೆ ಬೇಕು, ಹೋಗುತ್ತೇವೆ.

ಮೇಡಂ: ಕೆಲಸ ಮಾಡಿಸಿ ಕಳಿಸುವ ಕಡೆಯೂ ಇವೆ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಐಐಎಸ್‌ಸಿಯವರ ಕೇಂದ್ರ ಇದೆ. ಹೈಸ್ಕೂಲು, ಪಿಯು ವಿಜ್ಞಾನ ಶಿಕ್ಷಕರನ್ನು ಕರೆಸಿ ಪ್ರಯೋಗ ಮಾಡಿಸುತ್ತಾರೆ, ಕೈಗೆ ಉಪಕರಣ ಕೊಟ್ಟು.

ಮೇಷ್ಟ್ರು: ಚಳ್ಳಕೆರೆ ಅಂದಿರಿ, ತಳುಕು ಅಲ್ಲೇ ಪಕ್ಕ. ತಳುಕಿನ ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಬರೆದದ್ದು ಕಡಿಮೆ. ಹುಡುಗರನ್ನು ಮನೆಯವರ ಹಾಗೆ ನೋಡಿಕೊಂಡು, ಅವರ ಬರವಣಿಗೆ ಓದಿ, ತಿದ್ದಿ, ಬೆನ್ನು ತಟ್ಟುತ್ತಿದ್ದರು. 1939ರಲ್ಲಿ ತೀರಿಕೊಂಡರು. ಕುವೆಂಪು ಶ್ರೀ ರಾಮಾಯಣ ದರ್ಶನಂ ಅನ್ನು ಅರ್ಪಿಸಿದ್ದು ಅವರಿಗೆ. ಇವತ್ತು ಅವರು ಬಡ್ತಿಗೆ ಅರ್ಜಿ ಹಾಕಿದರೆ ಪ್ರಕಟಣೆಯ ಅಂಕ ಸಾಲದು ಅಂತ ವಾಪಸು ಬರುತ್ತದೆ. 2010ರಲ್ಲಿ ಬಡ್ತಿಗೆ ಎಪಿಐ ಅನ್ನುವ ಅಂಕದ ಲೆಕ್ಕ ಬಂದ ಮೇಲೆ ನಮ್ಮವರು ಹುಡುಗರ ಬರವಣಿಗೆ ಓದುವುದು ಬಿಟ್ಟು, ದುಡ್ಡು ಕೊಟ್ಟು ಹಾಕಿಸುವ ಜರ್ನಲ್ ಹುಡುಕತೊಡಗಿದರು.

ನಾನು: ಅತಿಥಿ ಉಪನ್ಯಾಸಕರ ಮಾತನ್ನೂ ಸೇರಿಸಿ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ಬಹುಪಾಲು ಹೊತ್ತಿರುವವರು ಅವರು, ಸಾವಿರಾರು ಮಂದಿ. ಮುಂದಿನ ವರ್ಷ ಇರುತ್ತೇವೆಯೋ ಇಲ್ಲವೋ ತಿಳಿಯದವರಿಗೆ ‘ಪಾಠ ಸುಧಾರಿಸಿಕೊಳ್ಳಿ’ ಅಂತ ಉಪದೇಶ ಮಾಡಲು ಮುಖ ಬೇಕು.

ಇದಕ್ಕೆ ಇಬ್ಬರೂ ಏನೂ ಹೇಳಲಿಲ್ಲ. ಹೇಳುವುದಕ್ಕೂ ಏನಿಲ್ಲ, ಕೆಲಸ ಕಾಯಂ ಮಾಡದೆ ಕಸುಬು ಬೆಳೆಯುವುದಿಲ್ಲ.

ಮೇಡಂ: ಸರ್ಕಾರ ಮಾಡಬೇಕಾದ್ದು ಇರಲಿ, ನಮ್ಮ ಕೈಯಲ್ಲಿ ಇರುವುದನ್ನೂ ನಾವು ಮಾಡುತ್ತಿಲ್ಲ ಸಾರ್. ನೀವು ಇನ್ನೊಬ್ಬರ ತರಗತಿಯಲ್ಲಿ ಕೂತು ಎಷ್ಟು ಕಾಲ ಆಯಿತು?

ಮೇಷ್ಟ್ರು: ವಿದ್ಯಾರ್ಥಿಯಾಗಿದ್ದಾಗ ಕೂತಿದ್ದೇ ಕೊನೆ. ಕೂತರೆ ತಪ್ಪು ಹುಡುಕಲು ಬಂದ ಅಂದುಕೊಳ್ಳುತ್ತಾರೆ.

ಮೇಡಂ: ಸಂಶೋಧನೆಯ ಲೇಖನವನ್ನು ಇಬ್ಬರು ಓದಿ ತಿದ್ದದೆ ಅಚ್ಚಿಗೆ ಹಾಕುವುದಿಲ್ಲ. ಪಾಠವನ್ನು ಮಾತ್ರ ಬಾಗಿಲು ಹಾಕಿಕೊಂಡು ಮಾಡುತ್ತೇವೆ. ನಮ್ಮ ವಿಭಾಗದಲ್ಲಿ ನಾವಿಬ್ಬರು ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂರುತ್ತೇವೆ. ನಿಯಮ ಇಷ್ಟೇ: ಮೇಷ್ಟ್ರನ್ನು ನೋಡಬಾರದು, ಹುಡುಗರನ್ನು ನೋಡಬೇಕು. ಯಾವಾಗ ಪೆನ್ನು ನಿಂತಿತು, ಯಾವಾಗ ಪಕ್ಕದವನ ಪುಸ್ತಕ ಇಣುಕಿದರು, ಯಾವ ಪ್ರಶ್ನೆಗೆ ಮುಂದಿನ ಬೆಂಚು ಮಾತ್ರ ಉತ್ತರಿಸಿತು, ಇದನ್ನು ಬರೆದುಕೊಂಡು ಕೊಡುವುದು. ಮೇಲಿನವರಿಗೆ ವರದಿ ಇಲ್ಲ, ಅಂಕ ಇಲ್ಲ. ಹೊಗಳಿಕೆಯೂ ಬೇಡ.

ಮೇಷ್ಟ್ರು: ಹೊಗಳಿಕೆಯೂ ಬೇಡವೇ? ಆಗ ನಮ್ಮಲ್ಲಿ ಯಾರು ಒಪ್ಪುತ್ತಾರೆ!

ಮೇಡಂ: ಇನ್ನೊಂದು ಯೋಚನೆ ಬೆಳಿಗ್ಗೆಯಿಂದ ತಲೆಯಲ್ಲಿದೆ. ಈ ಕಟ್ಟಡದಲ್ಲಿ ಸಾವಿರಾರು ಉತ್ತರಪತ್ರಿಕೆ ಇವೆ. ಯಾವ ಪಾಠ ಮುಟ್ಟಿತು, ಯಾವುದು ಮುಟ್ಟಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಅಂಕ ಹಾಕಿ ಕೋಣೆಗೆ ತುಂಬಿ ಬೀಗ ಹಾಕುತ್ತೇವೆ, ಅವಧಿ ಮುಗಿದ ಮೇಲೆ ರದ್ದಿಗೆ ಹಾಕುತ್ತೇವೆ. ಫಲಿತಾಂಶ ಬಂದ ಮೇಲೆ ಪ್ರತಿ ಕಾಲೇಜಿನ ಪ್ರತಿ ವಿಷಯಕ್ಕೂ ಅದರದೇ ಹುಡುಗರ ಹತ್ತು ಪತ್ರಿಕೆಗಳ ನಕಲು, ಹೆಸರು, ನೋಂದಣಿ ಸಂಖ್ಯೆ ಅಳಿಸಿ, ಪಾಠ ಮಾಡಿದವರಿಗೆ ವಾಪಸು ಹೋಗಲಿ. ಮೇಲಿನ ಅಂಕದವು ಮೂರು, ನಡುವಿನವು ನಾಲ್ಕು, ಕೆಳಗಿನವು ಮೂರು. ಜೊತೆಗೆ ತಿದ್ದಿದವರು ಒಂದು ಪುಟ ಬರೆಯಲಿ: ಈ ಪ್ರಶ್ನೆಗೆ ಹೆಚ್ಚಿನವರು ಎಲ್ಲಿ ತಪ್ಪಿದರು ಅಂತ. ಕೇಳಿದ ವಿದ್ಯಾರ್ಥಿಗೆ ಶುಲ್ಕ ಕಟ್ಟಿಸಿಕೊಂಡು ನಕಲು ಕೊಡುವ ಪದ್ಧತಿ ಈಗಲೇ ಇದೆ. ಮೇಷ್ಟ್ರಿಗೆ ಕೊಡಲು ಏನು ಅಡ್ಡಿ?

ಮೇಷ್ಟ್ರು: ಅಡ್ಡಿ ಅಂದರೆ ಯಾರೂ ಕೇಳಿಲ್ಲ.

ಮೇಡಂ: ಕೇಳೋಣವೇ?

ಮೇಷ್ಟ್ರು: ಕನ್ನಡದ ಬೋರ್ಡ್ ಆಫ್ ಸ್ಟಡೀಸ್‌ಗೆ ನಾನು ಸದಸ್ಯ, ನಿಮ್ಮದಕ್ಕೆ ನಿಮ್ಮ ಮುಖ್ಯಸ್ಥರು. ಎರಡೂ ಕಡೆಯಿಂದ ಹೋದರೆ ಅಕಾಡೆಮಿಕ್ ಕೌನ್ಸಿಲ್ ಮುಂದೆ ಇಡಲೇಬೇಕಾಗುತ್ತದೆ. ಬರೆದುಕೊಡಿ. ಕನ್ನಡದಲ್ಲಿ, ಒಂದೇ ಪುಟ. ಹಾರ್ವರ್ಡು ಕೆನಡಾ ಏನೂ ಬೇಡ, ಬೆಳಿಗ್ಗೆ ನಾನು ತಿದ್ದಿದ ಆ ಕರ್ಣನ ವಾಕ್ಯ ಒಂದು ಹಾಕಿ ಸಾಕು.